ಸವಳು ಸೀಮೆಯ ಸಿಹಿನೀರು

"ಗುರುಗಳೇ, ಬೆಲ್ಲವನ್ನೂ ಸಿಹಿ ಎನ್ನುತ್ತೇವೆ, ಬಾವಿಯ ನೀರನ್ನೂ ಸಿಹಿ ಎನ್ನುತ್ತೇವೆ. ಬಾವಿಗೆ ಯಾರೂ ಬೆಲ್ಲ ಹಾಕಿಲ್ಲ. ಹಾಗಾದರೆ ಸಿಹಿ ಎಂದರೇನು?" ಎಂದು ಅಡಿವೆಯ್ಯ ಕೇಳಿದ.

ಅವನು ಮಠದ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದ. ಅಂದು 'ಸ್ವೀಟ್' ಎಂಬ ಪದದ ಪಾಠವಿತ್ತು. ಆ ಭಾಷೆಯವರೂ ಹಣ್ಣಿಗೆ, ನಿದ್ದೆಗೆ, ಮಗುವಿಗೆ, ದನಿಗೆ, ಉಪ್ಪಿಲ್ಲದ ನೀರಿಗೆ ಅದೇ ಪದ ಬಳಸುತ್ತಾರೆಂದು ನಿಘಂಟು ಹೇಳಿತ್ತು. ಇವೆಲ್ಲದರಲ್ಲೂ ಇರುವ ಒಂದು ಅರ್ಥ ಯಾವುದೆಂದು ಅವನಿಗೆ ಎಷ್ಟು ಯೋಚಿಸಿದರೂ ಹೊಳೆದಿರಲಿಲ್ಲ.

ಗುರುಗಳು ಅವನನ್ನು ಕೂರಲು ಹೇಳಿ ಕತೆ ತೆಗೆದರು.

ಒಬ್ಬ ರೈತನಿದ್ದ. ಅವನ ಬಾವಿಯ ನೀರು ಸುತ್ತ ಏಳು ಹಳ್ಳಿಗೆ ಹೆಸರಾಗಿತ್ತು. ಆ ನೀರಿನಲ್ಲಿ ಬೇಳೆ ಬೇಗ ಬೇಯುತ್ತಿತ್ತು. ದಾರಿಹೋಕರು ಕುಡಿದು ಎಂಥ ಸಿಹಿನೀರು ಎಂದಾಗ ಅವನಿಗೆ ಹೊಟ್ಟೆ ತುಂಬುತ್ತಿತ್ತು.

ಅವನು ಮಗನಿಗೆ ಸವಳು ಸೀಮೆಯಿಂದ ಹೆಣ್ಣು ತಂದ. ಮಾತುಕತೆಗೆ ಹೋಗಿ ಬಂದವನು ರೈತನ ಅಣ್ಣ, ಮದುವೆ ನಡೆದದ್ದು ಗಂಡಿನ ಮನೆಯಲ್ಲಿ. ರೈತ ಆ ಕಡೆ ಕಾಲಿಟ್ಟವನಲ್ಲ. ಅಲ್ಲಿ ನೆಲವೂ ಉಪ್ಪು, ನೀರೂ ಉಪ್ಪು ಎಂದಷ್ಟೇ ಕೇಳಿದ್ದ. ಹುಡುಗಿ ನಮ್ಮ ಮನೆಗೆ ಬಂದಾದರೂ ಒಳ್ಳೆಯ ನೀರು ಕುಡಿಯಲಿ ಎಂದುಕೊಂಡ.

ಸೊಸೆ ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೆದು. ಆದರೆ ನೀರು ಕುಡಿಯುತ್ತಿರಲಿಲ್ಲ. ಒಂದು ಗುಟುಕು ಕುಡಿದು ಚೊಂಬು ಕೆಳಗಿಡುತ್ತಿದ್ದಳು. ತಿಂಗಳಾಗುವಷ್ಟರಲ್ಲಿ ತುಟಿ ಒಡೆಯಿತು. ಕಳೆ ಕೀಳುವಾಗ ಎರಡು ಸಲ ತಲೆ ಸುತ್ತಿ ಬಿದ್ದಳು. ಆಮೇಲೊಂದು ದಿನ ಅವಳು ತನ್ನ ಚೊಂಬಿಗೆ ಚಿಟಿಕೆ ಉಪ್ಪು ಹಾಕಿಕೊಂಡು ಗಟಗಟನೆ ಕುಡಿಯುವುದನ್ನು ಅತ್ತೆ ಕಂಡಳು.

ಅತ್ತೆಗೆ ಸಹಿಸಲಾಗಲಿಲ್ಲ. ಊರೆಲ್ಲ ಹೊಗಳುವ ನೀರಿಗೆ ಉಪ್ಪು ಹಾಕುವವಳು ನಾಳೆ ಸಂಸಾರಕ್ಕೂ ಹುಳಿ ಹಿಂಡುತ್ತಾಳೆ, ಇವಳನ್ನು ತವರಿಗೆ ಕಳಿಸಿಬಿಡಿ ಎಂದು ಹಟ ಹಿಡಿದಳು. ಮಗ ತಾಯಿಗೆ ಎದುರಾಡಲಿಲ್ಲ.

ರೈತ ಸೊಸೆಯನ್ನು ಕರೆದು ಕೇಳಿದ. "ನಮ್ಮ ನೀರು ನಿನಗೆ ಯಾಕೆ ಸೇರುವುದಿಲ್ಲ, ತಾಯಿ?"

"ನೀರು ಒಳ್ಳೆಯದೇ ಮಾವ. ಆದರೆ ಸಪ್ಪೆ. ಎಷ್ಟು ಕುಡಿದರೂ ಕುಡಿದ ಹಾಗಾಗುವುದಿಲ್ಲ. ನಮ್ಮೂರಲ್ಲಿ ಸಿಹಿನೀರಿನ ಬಾವಿ ಇದೆ. ಅದನ್ನು ಕುಡಿದು ಬೆಳೆದವಳು ನಾನು."

ರೈತನಿಗೆ ಕೋಪ ಬರಬೇಕಿತ್ತು. ಬರಲಿಲ್ಲ, ತಲೆಯೊಳಗೆ ಹುಳ ಬಿಟ್ಟಂತಾಯಿತು. ಸವಳು ಸೀಮೆಯಲ್ಲಿ ಸಿಹಿನೀರು ಎಲ್ಲಿಂದ ಬಂತು? ತನ್ನ ಬಾವಿಯ ನೀರನ್ನೇ ಸಪ್ಪೆ ಎನಿಸುವ ಆ ನೀರು ಹೇಗಿರಬಹುದು? ಮರುದಿನವೇ ಬುತ್ತಿ ಕಟ್ಟಿಸಿಕೊಂಡು ಹೊರಟ.

ಬೀಗರ ಊರು ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಮನೆಯಲ್ಲಿ ಸೊಸೆಯ ತಾಯಿ ಒಬ್ಬಳೇ ಇದ್ದಳು. ಅವಳು ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಬೆಲ್ಲದ ಚೂರಿನೊಂದಿಗೆ ಕುಡಿಯುವ ನೀರು ತಂದಿಟ್ಟಳು. ರೈತ ಬೆಲ್ಲ ಬದಿಗಿಟ್ಟು ನೀರಿಗೇ ಬಾಯಿ ಹಚ್ಚಿದ. ನೀರು ಉಪ್ಪಾಗಿತ್ತು. ಬೀಗಿತಿ ಎದುರಿಗೇ ನಿಂತಿದ್ದಳು, ಉಗುಳುವಂತಿರಲಿಲ್ಲ. ಕಷ್ಟಪಟ್ಟು ನುಂಗಿದ.

"ಸಂಕೋಚ ಬೇಡ ಬೀಗರೇ, ಕುಡಿಯಿರಿ. ಸಿಹಿನೀರಿನ ಬಾವಿಯದೇ. ಒಳಗೆ ಇನ್ನೊಂದು ಕೊಡ ಇದೆ," ಎಂದಳು ಅವಳು.

"ಉಳಿದ ಬಾವಿಗಳ ನೀರು ಹೇಗಿರುತ್ತದೆ?"

ಅವಳು ನಕ್ಕು ಅವನನ್ನು ಹಿತ್ತಲಿಗೆ ಕರೆದೊಯ್ದಳು. ಪಾತ್ರೆ ತೊಳೆಯಲು ಸೇದಿಟ್ಟಿದ್ದ ನೀರನ್ನು ತೋರಿಸಿದಳು. ರೈತ ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡ. ನಾಲಿಗೆ ಸುಟ್ಟಂತಾಯಿತು. ಅಲ್ಲೇ ಉಗುಳಿದ. ಬೇಗ ಬೇಗ ಒಳಗೆ ಬಂದು ಮೊದಲಿನ ಚೊಂಬನ್ನೇ ಎತ್ತಿ ಒಂದೇ ಉಸಿರಿಗೆ ಕುಡಿದ.

ಈ ಸಲ ಅದು ಸಿಹಿಯಾಗಿತ್ತು.

ಅವನು ಖಾಲಿ ಚೊಂಬಿನೊಳಗೆ ಬಗ್ಗಿ ನೋಡಿದ.

ಅಂದು ಅಲ್ಲೇ ಉಳಿದ. ಮರುದಿನ ಬೆಳಕು ಹರಿಯುವಾಗ ಬೀಗಿತಿಯ ಹಿಂದೆ ಬಾವಿಗೆ ಹೋದ. ಬಾವಿ ಊರಿನಿಂದ ಒಂದು ಹರದಾರಿ ದೂರವಿತ್ತು. ಹೆಂಗಸರು ಕೊಡ ಹಿಡಿದು ಸಾಲಾಗಿ ಕಾಯುತ್ತಿದ್ದರು. ಒರತೆ ಸಣ್ಣದು, ದಿನಕ್ಕೆ ಮನೆಗೆ ಎರಡೇ ಕೊಡ. ಒಳಗೆ ಇನ್ನೊಂದು ಕೊಡ ಇದೆ ಎಂದು ಅವಳು ಹೇಳಿದ್ದು ಆ ದಿನದ ಕೊನೆಯ ಕೊಡದ ಮಾತು ಎಂಬುದು ಅವನಿಗೆ ಆಗ ತಿಳಿಯಿತು.

ಹೊರಡುವಾಗ ಬೀಗಿತಿ ಮಗಳಿಗೆಂದು ಒಂದು ತಂಬಿಗೆ ನೀರು ಕೊಟ್ಟಳು. ಅದನ್ನು ತುಳುಕಿಸದೆ ಊರಿಗೆ ತಂದ. ಹೆಂಡತಿ ಒಂದು ಗುಟುಕು ಕುಡಿದು ಅಂಗಳಕ್ಕೆ ಉಗುಳಿದಳು. ಸೊಸೆ ತಳದ ಹನಿಯವರೆಗೂ ಕುಡಿದಳು. ಕುಡಿದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅತ್ತೆ ಅದನ್ನು ನೋಡುತ್ತಿದ್ದಳು. ರೈತ ತಾನು ಕಂಡದ್ದನ್ನೆಲ್ಲ ಹೆಂಡತಿಗೆ ಹೇಳಿದ. ಹೀಗೆ ಮಾಡು ಎಂದು ಹೇಳಲಿಲ್ಲ.

ಮರುದಿನ ಹೊಲಕ್ಕೆ ಹೊರಟ ಸೊಸೆಯ ಚೊಂಬಿಗೆ ಅತ್ತೆಯೇ ಚಿಟಿಕೆ ಉಪ್ಪು ಹಾಕಿ ಕೊಟ್ಟಳು. ತವರಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ.

ದಿನ ಹೋದಂತೆ ಚಿಟಿಕೆ ಸಣ್ಣದಾಯಿತು. ಒಂದು ದಿನ ಅತ್ತೆ ಉಪ್ಪು ಹಾಕಲು ಮರೆತಳು, ಸೊಸೆಗೂ ನೆನಪಾಗಲಿಲ್ಲ. ಮೂರನೆಯ ವರ್ಷ ಅವಳು ಹೆರಿಗೆಗೆ ತವರಿಗೆ ಹೋದಳು. ತಾಯಿ ಸಿಹಿನೀರಿನ ಬಾವಿಯಿಂದ ಆಗಷ್ಟೇ ತಂದ ನೀರು ಕೊಟ್ಟಳು. ಮೊದಲ ಗುಟುಕಿಗೆ ಮಗಳು ಮುಖ ಕಿವುಚಿದಳು. ತಾಯಿ ಅದನ್ನು ಕಂಡಳು. ಮಗಳು ಚೊಂಬು ಕೆಳಗಿಡದೆ ಪೂರ್ತಿ ಕುಡಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡಿವೆಯ್ಯ ಕೇಳಿದ.

"ಹಾಗಾದರೆ ನಿಜವಾದ ಸಿಹಿನೀರು ಯಾವುದು, ಗುರುಗಳೇ?"

"ನೀನು ಹುಟ್ಟಿದ ಊರಿನ ನೀರಿನ ರುಚಿ ಹೇಗಿತ್ತು?"

"ನೀರಿನ ಹಾಗೇ ಇತ್ತು," ಎಂದ ಅಡಿವೆಯ್ಯ. ಬೇರೆ ಪದ ಸಿಗಲಿಲ್ಲ.