ಬೀಗದೊಳಗಿನ ಹದಿನಾರು ಡಿಗ್ರಿ

ಸ್ಕಾಟ್ಲೆಂಡಿಗೆ ಓದಲು ಹೋದ ರಾಯಚೂರಿನ ಮಹಾನಂದಾಗೆ ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. ಊರೆಲ್ಲ ಹುಡುಕಿ ಸಿಕ್ಕಿದ್ದು ಪ್ರಿಂಗಲ್ ಎಂಬ ಮುದುಕನ ಮನೆಯಲ್ಲೊಂದು ಕೋಣೆ. ಆತ, ಮನೆಯ ಬಿಸಿ ಅಳೆದು ಹೀಟರನ್ನು ತಾನಾಗಿ ಉರಿಸಿ ಆರಿಸುವ ಗೋಡೆಯ ಗುಂಡಿಯನ್ನು ಹದಿನಾರು ಡಿಗ್ರಿಗೆ ತಿರುಗಿಸಿ, ಮೇಲೊಂದು ತೂತುತೂತಿನ ಡಬ್ಬಿ ಕೂರಿಸಿ ಬೀಗ ಜಡಿದಿದ್ದ. "ಬೀಗ ಮುಟ್ಟಿದ ದಿನವೇ ಮನೆ ಖಾಲಿ ಮಾಡಬೇಕು" ಎಂದಿದ್ದ. ಪರೀಕ್ಷೆ ಹತ್ತಿರ ಬಂತು. ಚಳಿಗೆ ಸೆಟೆದ ಬೆರಳುಗಳಲ್ಲಿ ಅವಳಿಗೆ ಪೆನ್ನು ನಿಲ್ಲುತ್ತಿರಲಿಲ್ಲ.

ಒಂದು ಭಾನುವಾರ ಚರ್ಚಿನಿಂದ ಬಂದು ಬಾಗಿಲು ತೆರೆದ ಪ್ರಿಂಗಲ್ ಹೌಹಾರಿದ. ಮನೆ ಇಟ್ಟಿಗೆ ಭಟ್ಟಿಯಾಗಿತ್ತು. ಓಡಿಹೋಗಿ ನೋಡಿದರೆ ಬೀಗ ಹಾಕಿದಂತೇ ಇದೆ. ಕೀಲಿ ಅವನ ಜೇಬಿನಲ್ಲೇ ಇದೆ. ಡಬ್ಬಿಯ ಮೇಲೆ ಮಾತ್ರ ಒಂದು ಒದ್ದೆ ಟವೆಲು. ಒಳಗೆ ಬಿಸಿ ಅಳೆಯುವ ಮುಳ್ಳು ಹದಿಮೂರು ತೋರಿಸುತ್ತಿದೆ. ಪಾಪದ ಹೀಟರು, ಮನೆಯಿನ್ನೂ ಬೆಚ್ಚಗಾಗಿಲ್ಲವೆಂದು ನಂಬಿ ಒಂದೇ ಸಮನೆ ಉರಿಯುತ್ತಿದೆ.

"ಏನಮ್ಮಾ ಇದು?" ಅವನು ಟವೆಲಿನತ್ತ ಬೆರಳು ತೋರಿಸಿದ.

"ಬೀಗ ನಾನು ಮುಟ್ಟಿಲ್ಲ ಸರ್. ನಮ್ಮೂರಿನ ಬಿಸಿಲಿಗೆ ನೀರಿನ ಹೂಜಿ ತಣ್ಣಗಿರಲಿ ಅಂತ ಒದ್ದೆ ಬಟ್ಟೆ ಸುತ್ತುತ್ತೇವೆ. ನಿಮ್ಮ ಡಬ್ಬಿಗೂ ಅದನ್ನೇ ಮಾಡಿದೆ."

ಪ್ರಿಂಗಲ್ ಕೋಟು ಕಳಚಿದ. ಸ್ವೆಟರು ಕಳಚಿದ. ಡಬ್ಬಿಯನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿ ಕುರ್ಚಿಯಲ್ಲಿ ಕುಸಿದ. ಎಪ್ಪತ್ತು ವರ್ಷ ಅದೇ ಚಳಿಯಲ್ಲಿ ಬದುಕಿದವನಿಗೆ ಇದು ಹೊಳೆದಿರಲಿಲ್ಲ. ಬೆವರು ಒರೆಸಿಕೊಂಡು ಕೀಲಿ ಹೊರತೆಗೆದ.

"ಹದಿನೆಂಟಕ್ಕೆ ಇಡುತ್ತೇನೆ."

"ನನ್ನ ಹತ್ತಿರ ಇನ್ನೂ ಎರಡು ಟವೆಲು ಇವೆ ಸರ್."

"ಇಪ್ಪತ್ತು" ಎಂದ ಪ್ರಿಂಗಲ್.