ಜವರ ಸಂಬಳ ಹುಡುಕ್ಕೊಂಡು ಹೋದದ್ದು

ಒಂದೂರಿನ ಕೋಳಿ ಕೂಗಿದ್ರೆ ಮೂರು ದೇಶದೋರು ಎದ್ದು ಮುಖ ತೊಳೀತಿದ್ದ ಕಾಲ ಅದು. ಆ ಗಡಿ ಊರಲ್ಲಿ ಕಾಳವ್ವ ಅಂತ ಒಬ್ಳಿದ್ಳು. ಅವಳಿಗೆ ಒಬ್ಬನೇ ಮಗ, ಜವರ. ಏನ್ ಹೇಳಿದ್ರೂ ಹೇಳ್ದಂಗೇ ಮಾಡೋನು. ಅದೇ ಅವಳ ಸಂಕಟ.

ಜವರನ ಸೋದರಮಾವ ಕೆಂಚಣ್ಣ ಖಡಾಖಂಡಿತ ಹೇಳ್ಬಿಟ್ಟಿದ್ದ: "ಅಕ್ಕಯ್ಯ, ನಿನ್ ಮಗ ದುಡಿಮೆ ಹಿಡೀಲಿ, ನನ್ ಮಗಳು ಚಿಕ್ಕತಾಯೀನ ಕೊಡ್ತೀನಿ. ಇಲ್ದಿದ್ರೆ ಸುಗ್ಗಿ ಕಳೀತಿದ್ದಂಗೆ ಬೇರೆ ಗಂಡು ನೋಡ್ತೀನಿ."

ಜವರನಿಗೋ ಚಿಕ್ಕತಾಯಿ ಅಂದ್ರೆ ಪ್ರಾಣ.

"ಹೋಗಪ್ಪ," ಅಂದ್ಳು ಕಾಳವ್ವ. "ಎಲ್ಲಿ ಸಂಬಳ ಹೆಚ್ಚೋ ಅಲ್ಲಿ ಸೇರ್ಕೋ."

"ಆಗ್ಲಿ ಕಣವ್ವ!"

ಹೋದ. ಕಡಲ ದಂಡೆ ಮುತ್ತಿನಪಟ್ಟಣದಲ್ಲಿ ಮೂಟೆ ಹೊತ್ರೆ ದಿನಕ್ಕೆ ಹತ್ತು ಕಾಸು! ಸೇರ್ಕೊಂಡ. ಆದ್ರೆ ಅಲ್ಲಿ ಊಟಕ್ಕೆ ಆರು ಕಾಸು, ಮಲಗೋ ಜಗುಲಿಗೆ ಮೂರು, ಕುಡಿಯೋ ನೀರಿಗೂ ಒಂದು. ದುಡಿದೂ ದುಡಿದೂ ಬರಿಗೈಲಿ ಬಂದ.

"ಎಲ್ಲೋ ಸಂಬಳ?"

"ಅಲ್ಲೇ ಐತೆ ಕಣವ್ವ. ಆ ಊರಿಂದು ಆ ಊರಿಗೇ ಸರಿಹೋಯ್ತು."

"ಅಯ್ಯೋ ನನ್ ಹಣೆಬರವೇ! ಸಂಬಳ ಕಟ್ಕೊಂಡು ಏನಾಗ್ಬೇಕೋ? ಖರ್ಚು ನೋಡ್ಬೇಕು ಕಣೋ, ಖರ್ಚು! ಎಲ್ಲಿ ಖರ್ಚು ಕಮ್ಮಿಯೋ ಅಲ್ಲಿರು!"

"ಆಗ್ಲಿ ಕಣವ್ವ!"

ಹೋದ. ಬೆಟ್ಟದಾಚೆ ರಾಗಿಪುರ. ಅಲ್ಲಿ ಮಠದಲ್ಲಿ ಎರಡು ಹೊತ್ತೂ ಊಟ, ಒಂದ್ ಕಾಸೂ ಕೊಡಂಗಿಲ್ಲ. ಪಂಕ್ತೀಲಿ ಕೂತೋನು ತಿಂಗಳುಗಟ್ಟಲೆ ಏಳ್ಲೇ ಇಲ್ಲ. ಕೆನ್ನೆ ಉಬ್ಬಿಸ್ಕೊಂಡು ಬಂದ.

"ಅವ್ವ, ಖರ್ಚು ಸೊನ್ನೆ!"

"ದುಡಿಮೆ?"

"ಅದನ್ನ ನೀನು ಹೇಳ್ಲೇ ಇಲ್ವಲ್ಲ!"

ಕಾಳವ್ವ ತಲೆ ತಲೆ ಚಚ್ಕೊಂಡ್ಳು. "ದುಡಿಯೋದು ಸಂಬಳ ಹೆಚ್ಚಿರೋ ಕಡೆ, ತಿನ್ನೋದು ಅಗ್ಗ ಇರೋ ಕಡೆ! ತಿಳೀತಾ?"

"ತಿಳೀತು ಕಣವ್ವ!"

ಮುತ್ತಿನಪಟ್ಟಣದಲ್ಲಿ ಮತ್ತೆ ಮೂಟೆ ಹೊತ್ತ. ಮಧ್ಯಾಹ್ನ ಹಸಿವಾಯ್ತು. ಮೂಟೆ ಇಳಿಸಿ ರಾಗಿಪುರಕ್ಕೆ ನಡೆದ. ಎರಡು ದಿನದ ದಾರಿ! ಮುದ್ದೆ ಉಂಡು ತಿರುಗಿ ನಡೆದ. ಪಟ್ಟಣ ಮುಟ್ಟೋ ಹೊತ್ತಿಗೆ ಮತ್ತೆ ಹಸಿವು.

"ಎಲ್ಲೋ ಹಾಳಾಗಿ ಹೋಗಿದ್ದೆ?" ಅಂದ ಮೇಸ್ತ್ರಿ.

"ಊಟಕ್ಕೆ ಸ್ವಾಮಿ. ಈಗ ಮತ್ತೆ ಹೋಗ್ಬೇಕು."

ಮೇಸ್ತ್ರಿ ಅವನನ್ನ ಓಡಿಸ್ದ.

ಕಡ್ಡಿಯಂಗಾಗಿ ಮನೆಗೆ ಬಂದ ಮಗನ್ನ ಕಾಳವ್ವ ಒಳಕ್ಕೆ ಕರ್ಕೊಂಡು ಕೂರಿಸಿದ್ಳು. ಮುದ್ದೆ ಇಕ್ಕಿ, ಬೆನ್ನು ಸವರಿ ಹೇಳಿದ್ಳು: "ಕಂದಾ, ಇನ್ಮೇಲೆ ಯಾವುದಕ್ಕೇ ಕೈ ಹಾಕೋ ಮುಂಚೆ ಸಂಬಳ ಎಷ್ಟು, ಖರ್ಚು ಎಷ್ಟು ಅಂತ ಕೇಳು. ಖರ್ಚೇ ಹೆಚ್ಚಾದ್ರೆ ಎದ್ದು ಬಾ. ಕೆಲಸ ಮುಗೀತಾ, ಕೂಲಿ ಇಸ್ಕೊಂಡು ಸೀದಾ ಮನೆಗೆ ಬಾ."

"ಆಗ್ಲಿ ಕಣವ್ವ!"

ಅಷ್ಟೊತ್ತಿಗೆ ಸುಗ್ಗಿ ಕಳೀತು. ಕೆಂಚಣ್ಣ ಬೇರೆ ಗಂಡು ಹುಡುಕಕ್ಕೆ ಹೊರಟ. ಚಿಕ್ಕತಾಯಿ ಬಾಗಿಲಿಗೆ ಅಡ್ಡ ನಿಂತ್ಳು.

"ಅಪ್ಪಯ್ಯ, ಹೇಳಿದ್ದು ಹೇಳ್ದಂಗೆ ಕೇಳೋ ಗಂಡ ಮೂರು ದೇಶ ಸುತ್ತಿದ್ರೂ ಸಿಗಲ್ಲ. ನಂಗೆ ಅವನೇ ಇರ್ಲಿ!"

ಚಪ್ಪರ ಎದ್ದಿತು. ವಾಲಗ ಊದ್ತು. ಜವರನ ಕೈಗೆ ತಾಳಿ ಬಂತು.

"ಮಾವ, ಇದಕ್ಕೆ ಸಂಬಳ ಎಷ್ಟು?"

"ಸಂಬಳವೇ? ಏನೂ ಇಲ್ಲ ಕಣೋ!"

"ಖರ್ಚು?"

"ಸೀರೆ, ಬಳೆ, ಊಟ, ಎಲ್ಲಾ ನಿಂದೇ!"

ಜವರ ಬಾಸಿಂಗ ಬಿಚ್ಚಿ ಎದ್ದೇಬಿಟ್ಟ! ಚಿಕ್ಕತಾಯಿ ಅವನ ಪಂಚೆ ಹಿಡಿದು ಜಗ್ಗಿದ್ಳು.

"ಕೂತ್ಕೋ ಬಾವ! ಸಂಬಳ ನಾನು ಕೊಡ್ತೀನಿ. ಮೊದ್ಲು ತಾಳಿ ಕಟ್ಟು!"

ಕೂತ. ಮೂರು ಗಂಟು ಹಾಕ್ದ. ಬಿಗಿಯಾಗೈತಾ ಅಂತ ಎಳೆದೂ ನೋಡ್ದ. ಆಮೇಲೆ ಎದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡು, ಹೆಂಡ್ತಿ ಮುಂದೆ ಕೈ ಚಾಚಿದ.

"ಕೆಲಸ ಮುಗೀತು ಕಣೇ. ಕೂಲಿ ಕೊಟ್ಬಿಡು, ನಾನು ಮನೆಗೆ ಹೋಗ್ಬೇಕು."