ಕೋಗಿಲೆಯ ಕೀರ್ತನೆಗೆ ಕಾಗೆ ವಾರಸುದಾರ

ಸೊಗಸಾದ ಕೀರ್ತನೆಯೊಂದನ್ನು ಕಟ್ಟಿದ್ದ ಕೋಗಿಲೆ ಸತ್ತು ಅಂದಿಗೆ ಅರವತ್ತು ವರ್ಷ ತುಂಬಿತ್ತು. ಹೊಳೆಯ ಈಚೆ ದಡದ ಕಾನೂನಿನಂತೆ, ಕಟ್ಟಿದವರು ಸತ್ತು ಅರವತ್ತು ವರ್ಷವಾದರೆ ಹಾಡು ಎಲ್ಲರದು. ಆಚೆ ದಡದಲ್ಲಿ ಎಪ್ಪತ್ತು ಆಗಬೇಕು. ಈಚೆ ದಡದ ಕಪ್ಪೆ ಬೆಳಿಗ್ಗೆಯೇ ಗಂಟಲು ಸರಿಮಾಡಿಕೊಂಡು ಆ ಕೀರ್ತನೆ ಎತ್ತಿಕೊಂಡಿತು. ಆಚೆ ದಡದಿಂದ ಕಾಗೆ ಹಾರಿ ಬಂತು.

“ನಿಲ್ಲಿಸಿ, ಕಪ್ಪೆರಾಯರೇ! ನಮ್ಮಲ್ಲಿ ಇನ್ನೂ ಹತ್ತು ವರ್ಷ ಅದು ನನ್ನ ಸ್ವತ್ತು.”

“ನಾನು ಕೂತಿರುವುದು ಈಚೆ ದಡದಲ್ಲಿ.”

“ಹಾಡು ಹೊಳೆ ದಾಟುತ್ತಿದೆಯಲ್ಲ!”

“ಹಾಗಾದರೆ ಬೆನ್ನು ತಿರುಗಿಸಿ ಹಾಡುತ್ತೇನೆ. ಅಂದ ಹಾಗೆ, ಕೋಗಿಲೆಯ ಹಾಡು ತಮ್ಮ ಸ್ವತ್ತಾದದ್ದು ಹೇಗೆ?”

“ಆ ಕೋಗಿಲೆ ಮೊಟ್ಟೆಯೊಡೆದು ಬಂದದ್ದೇ ನಮ್ಮಜ್ಜಿಯ ಗೂಡಿನಲ್ಲಿ. ಸಾಕಿದವರು ನಾವು, ವಾರಸುದಾರರೂ ನಾವೇ.”

ಕಪ್ಪೆ ತಲೆದೂಗಿತು. “ನ್ಯಾಯವಾದ ಮಾತು. ತಾವೇ ಒಮ್ಮೆ ಹಾಡಿಬಿಡಿ.”

ಕಾಗೆ ಎದೆಯುಬ್ಬಿಸಿ, ಎರಡೂ ದಡಕ್ಕೆ ಕೇಳುವಂತೆ, ಪಲ್ಲವಿಯಿಂದ ಹಿಡಿದು ಕೊನೆಯ ಚರಣದವರೆಗೂ ಹಾಡಿತು.

ಎಂದೂ ಒಂದು ಮಾತಿಗೆ ಒಪ್ಪದ ಎರಡು ದಡದ ಪ್ರಾಣಿಗಳು ಅಂದು ಮಧ್ಯಾಹ್ನವೇ ಸಭೆ ಸೇರಿ ಒಂದೇ ಕಾನೂನು ಮಾಡಿದವು: ಈ ಕೀರ್ತನೆಯನ್ನು ಇಂದಿನಿಂದ ಯಾರು ಬೇಕಾದರೂ ಹಾಡಬಹುದು, ವಾರಸುದಾರರನ್ನು ಬಿಟ್ಟು.